ಸುತ್ತಿ ಬಂದ ಬಾಣ

ಹನ್ನೊಂದನೆಯ ಕಂತು

“ಸೊನ್ನೆ ಪಾಯಿಂಟ್ ಸೊನ್ನೆ ಎಂಟು.”

ಕಾರ್ಖಾನೆಯ ಸಲಹೆಗಾರ ಆ ಸಂಖ್ಯೆಯನ್ನು ಪೆಪ್ಪರ್‌ಮೆಂಟಿನ ಹಾಗೆ ಚಪ್ಪರಿಸಿ ಹೇಳಿದ. ಅವನ ಬೆನ್ನ ಹಿಂದಿನ ಬಿಳಿ ಗೋಡೆಯ ಮೇಲೆ ಒಂದು ಚಿತ್ರ ಬಿದ್ದಿತ್ತು. ಎಡಕ್ಕೊಂದು ಚೌಕ, ಅದರೊಳಗೆ ‘ಘಾಟು’. ಬಲಕ್ಕೊಂದು ಚೌಕ, ಅದರೊಳಗೆ ‘ಮೂರ್ಛೆ’. ಎರಡರ ನಡುವೆ, ಮೇಲ್ಗಡೆ ಒಂದು ದೊಡ್ಡ ವೃತ್ತ. ಅದರೊಳಗೆ ‘ಭಯ’.

“ಘಾಟಿನಿಂದ ಮೂರ್ಛೆಗೆ ಹೋಗೋ ಬಾಣ ನೋಡಿ, ಸಾರ್. ನಮ್ಮ ಶಾಸ್ತ್ರದಲ್ಲಿ ಸೊನ್ನೆ ಪಾಯಿಂಟ್ ಒಂದಕ್ಕಿಂತ ಕಡಿಮೆ ಇದ್ರೆ ಅದು ಲೆಕ್ಕಕ್ಕೇ ಇಲ್ಲ. ಈಗ ಭಯದಿಂದ ಮೂರ್ಛೆಗೆ ಹೋಗೋ ಬಾಣ ನೋಡಿ. ಸೊನ್ನೆ ಪಾಯಿಂಟ್ ಆರು ಐದು. ಇದು ದೊಡ್ಡದು. ಹೆಂಗಸರು ಘಾಟಿಗೆ ಬಿದ್ದಿಲ್ಲ, ಹೆದರಿಕೆಗೆ ಬಿದ್ದಿದ್ದಾರೆ. ಹೆದರಿಸಿದವರು ಯಾರು ಅಂತ ನಾನು ಹೇಳಬೇಕಾಗಿಲ್ಲ.”

ವಿಚಾರಣೆ ನಡೆಯುತ್ತಿದ್ದ ಕೋಣೆಯ ಕಣ್ಣುಗಳೆಲ್ಲ ಕೊನೆಯ ಬೆಂಚಿನ ಕಡೆ ಹೊರಳಿದವು. ಅಲ್ಲಿ ದೊಡ್ಡಕ್ಕ ಕೂತಿದ್ದಳು.

ಬೂಟಿನ ಕಾರ್ಖಾನೆಯ ಸೋಲ್ ಅಂಟಿಸುವ ಹಾಲ್‌ನಲ್ಲಿ ಎರಡು ತಿಂಗಳಿಂದ ಹೆಂಗಸರು ಕೂತಲ್ಲೇ ತಲೆ ತಿರುಗಿ ಬೀಳುತ್ತಿದ್ದರು. ‘ಗಾಳಿ ಕೆಟ್ಟಿದೆ, ಎದ್ದು ಬನ್ರೇ’ ಎಂದು ಮೊದಲು ಕೂಗಿದ ದೊಡ್ಡಕ್ಕನನ್ನೇ ಕಾರ್ಖಾನೆ ಸುಳ್ಳು ಭೀತಿ ಹಬ್ಬಿಸಿದಳೆಂದು ಹೊರಗೆ ಹಾಕಿ, ಪೊಲೀಸರಿಗೂ ದೂರು ಕೊಟ್ಟಿತ್ತು.

ದೊಡ್ಡಕ್ಕ ತಲೆ ತಗ್ಗಿಸಲಿಲ್ಲ. ಇಷ್ಟು ವರ್ಷ ಸಲ್ಯೂಷನ್ ಎಂಬ ಘಾಟಿನ ಅಂಟು ಮುಟ್ಟಿ ಮುಟ್ಟಿ ಆಕೆಯ ಬೆರಳ ತುದಿಗಳು ಗಾಜಿನಂತೆ ನುಣ್ಣಗಾಗಿದ್ದವು. ಆ ಬೆರಳುಗಳನ್ನು ಮಡಿಲಲ್ಲಿ ಹೆಣೆದುಕೊಂಡು, ಗೋಡೆಯ ಮೇಲಿನ ‘ಭಯ’ ಎಂಬ ಅಕ್ಷರಗಳನ್ನೇ ದಿಟ್ಟಿಸುತ್ತಿದ್ದಳು. ಆಕೆಯ ನಾದಿನಿ ಹೋದ ವಾರ ಸೋಲ್ ಒತ್ತುವ ಪ್ರೆಸ್ಸಿನ ಪಕ್ಕದಲ್ಲಿ ಬಿದ್ದು ತೋಳು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಳು.

“ಪುಟ್ಟಿ,” ಪತ್ತೇದಾರ ಪಕ್ಕಕ್ಕೆ ವಾಲಿ ಪಿಸುಗುಟ್ಟಿದ. “ನಮ್ಮ ಕಥೆ ಮುಗೀತಾ?”

ಪುಟ್ಟಿ ಎಂದರೆ ಅವನ ಅಕ್ಕನ ಮಗಳು. ನಲವತ್ತು ಸಮೀಪಿಸಿದ್ದರೂ, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಿದ್ದರೂ, ಮಾವನ ಬಾಯಲ್ಲಿ ಅವಳು ಪುಟ್ಟಿಯೇ. ಹಲಗೆ ಸಿಕ್ಕಲ್ಲೆಲ್ಲ ಬಾಣ ಬರೆಯುವ ಚಟದಿಂದಾಗಿ ವಿದ್ಯಾರ್ಥಿಗಳು ಅವಳಿಗೆ ಬಾಣ ಮೇಡಂ ಎಂದು ಹೆಸರಿಟ್ಟಿದ್ದರು. ಪೊಲೀಸ್ ಕೆಲಸ ಬಿಟ್ಟು ಸ್ವಂತವಾಗಿ ಪತ್ತೇದಾರಿಕೆಗೆ ಇಳಿದಿದ್ದ ಮಾವ, ದೊಡ್ಡಕ್ಕನ ಪರ ಹಿಡಿದ ಈ ಕೇಸಿನಲ್ಲಿ ಲೆಕ್ಕ ತಲೆಗೆ ಹತ್ತದೆ ಅವಳನ್ನು ಎಳೆದು ತಂದಿದ್ದ.

ಎಲ್ಲರೂ ಸಂಖ್ಯೆ ನೋಡುತ್ತಿದ್ದರೆ ಬಾಣ ಮೇಡಂ ಸಂಖ್ಯೆ ಇಲ್ಲದ ಜಾಗವನ್ನು ನೋಡುತ್ತಿದ್ದಳು.

“ಮಾವ, ಆ ಚಿತ್ರದಲ್ಲಿ ಎಷ್ಟು ಬಾಣ ಇದೆ?”

“ಎರಡು.”

“ಸರಿಯಾಗಿ ನೋಡು.”

ಪತ್ತೇದಾರ ಕಣ್ಣು ಕಿರಿದು ಮಾಡಿದ. ಘಾಟಿನ ಚೌಕದಿಂದ ಭಯದ ವೃತ್ತಕ್ಕೆ ಮತ್ತೊಂದು ಗೆರೆ ಹೋಗಿತ್ತು. ಗೋಡೆಯ ಬಣ್ಣದಲ್ಲೇ ಕರಗಿಹೋಗುವಷ್ಟು ತಿಳಿ ಬೂದು. ಅದರ ಮೇಲೆ ಸಂಖ್ಯೆಯೇ ಇರಲಿಲ್ಲ.

ಅಷ್ಟರಲ್ಲಿ ವಿಚಾರಣಾಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಊಟ ಮುಗಿಸಿ ಬನ್ನಿ. ಬೇರೆ ಯಾರೂ ಮಾತಾಡೋದಿಲ್ಲ ಅಂದ್ರೆ ಆಮೇಲೆ ಆದೇಶ ಹೇಳಿಬಿಡ್ತೀನಿ.”

ಕಾರ್ಖಾನೆಯ ಮ್ಯಾನೇಜರ್ ಆಗಲೇ ಫೋನ್ ಕಿವಿಗೆ ಹಚ್ಚಿದ್ದ. “ಸೆಕೆಂಡ್ ಶಿಫ್ಟಿಗೆ ಹಾಲ್ ತಯಾರು ಮಾಡ್ರಿ. ಹೂಂ, ಶಟರ್ ಹಾಕಿದ್ದು ಹಾಗೇ ಇರಲಿ. ಗಾಳಿ ಆಡಿದ್ರೆ ಸಲ್ಯೂಷನ್ ಬೇಗ ಒಣಗತ್ತೆ, ಸೋಲ್ ಕಚ್ಚಲ್ಲ.”

* * *

ಮೆಟ್ಟಿಲ ತಿರುವಿನಲ್ಲಿ, ನೀರಿನ ಫಿಲ್ಟರ್ ಪಕ್ಕ, ಮೂವರೂ ನಿಂತರು. ಊಟ ಯಾರಿಗೂ ನೆನಪಾಗಲಿಲ್ಲ.

“ದೊಡ್ಡಕ್ಕ, ನಿಮ್ಮನ್ನ ಪ್ರಶ್ನೆ ಕೇಳೋಕೆ ಇವರ ಕಡೆಯವರು ಬಂದಿದ್ರಲ್ಲ,” ಬಾಣ ಮೇಡಂ ಕೇಳಿದಳು. “ಹೇಗೆ ಕೇಳಿದ್ರು?”

“ಒಬ್ಬೊಬ್ಬರನ್ನೇ ಸಾಲಿನಿಂದ ಎಬ್ಬಿಸಿ ಕೇಳಿದ್ರು, ಮೇಡಂ. ‘ಯಾವಾಗಲೂ, ಆಗಾಗ, ಇಲ್ಲವೇ ಇಲ್ಲ’ ಅಂತ ಮೂರರಲ್ಲಿ ಒಂದು ಹೇಳಬೇಕು. ಅವರು ಫೋನಲ್ಲಿ ಒತ್ಕೊಂಡು ಹೋಗೋರು.”

“ಏನು ಕೇಳಿದ್ರು?”

“ಎದೆ ಹೊಡ್ಕೊಳತ್ತಾ ಅಂದ್ರು. ಕೈ ನಡುಗತ್ತಾ, ಬಾಯಿ ಒಣಗತ್ತಾ, ಕಣ್ಣು ಮಂಜಾಗತ್ತಾ, ತಲೆ ಹಗುರ ಆದ ಹಾಗೆ ಆಗತ್ತಾ. ಅಷ್ಟೇ. ನಮ್ಮ ಸಾಲಲ್ಲಿ ಎಲ್ಲರೂ ‘ಯಾವಾಗಲೂ’ ಅಂದ್ವಿ.”

“ಹೆದರಿಕೆ ಆಗತ್ತಾ ಅಂತ ಕೇಳಿದ್ರಾ?”

“ಇಲ್ಲ. ಆ ಮಾತೇ ಎತ್ತಲಿಲ್ಲ. ಕೇಳಿದ್ರೆ ನಾನು ಸುಮ್ಮನಿರ್ತಿದ್ನಾ? ಕೆಲಸ ಹೋಗತ್ತೆ ಅನ್ನೋ ಹೆದರಿಕೆ ಬಿಟ್ರೆ ನನಗೆ ಬೇರೆ ಇಲ್ಲ ಅಂತಿದ್ದೆ.”

ಬಾಣ ಮೇಡಂ ಜೋರಾಗಿ ನಕ್ಕುಬಿಟ್ಟಳು. ಮೆಟ್ಟಿಲು ಹತ್ತುತ್ತಿದ್ದ ಗುಮಾಸ್ತನೊಬ್ಬ ಬೆಚ್ಚಿ ನಿಂತ.

“ಏನೇ ಇದು, ನಮಗೂ ಸ್ವಲ್ಪ ಹೇಳು,” ಮಾವ ಸಿಡುಕಿದ.

“ಮಾವ, ಇಂಥ ಚಿತ್ರದಲ್ಲಿ ಕಣ್ಣಿಗೆ ಕಂಡದ್ದಕ್ಕೆ, ಅಳೆದದ್ದಕ್ಕೆ ಚೌಕ ಹಾಕ್ತಾರೆ. ನೇರವಾಗಿ ಅಳೆಯೋಕಾಗದ್ದಕ್ಕೆ ವೃತ್ತ. ಒಂದಷ್ಟು ಪ್ರಶ್ನೆ ಕೇಳಿ, ಆ ಉತ್ತರಗಳ ಹಿಂದೆ ಇಂಥದ್ದೊಂದು ಇರಬೇಕು ಅಂತ ಊಹೆ ಮಾಡ್ತಾರೆ. ವೃತ್ತಕ್ಕೆ ಹೆಸರು ಇಡೋದು ಲೆಕ್ಕ ಅಲ್ಲ, ಚಿತ್ರ ಬರೆದವನು. ಇವನು ಸಲ್ಯೂಷನ್ ಘಾಟು ತಲೆಗೇರಿದ ಲಕ್ಷಣಗಳನ್ನೆಲ್ಲ ಕೇಳಿ, ಒಟ್ಟುಗೂಡಿಸಿ, ಮೇಲೆ ‘ಭಯ’ ಅಂತ ಚೀಟಿ ಅಂಟಿಸಿದ್ದಾನೆ.”

“ಬೆಳ್ಳಗಿರೋದೆಲ್ಲ ಹಾಲು ಅಂದ ಹಾಗಾಯ್ತು.”

“ಅದು ಅರ್ಧ ಮೋಸ. ಇನ್ನರ್ಧ ಆ ಬೂದು ಬಾಣದಲ್ಲಿದೆ. ಘಾಟು ನೇರವಾಗಿ ಹೊಡೆದಿದ್ದು ಎಷ್ಟು ಅಂತ ಮಾತ್ರ ಅವನು ಹೇಳಿದ. ಘಾಟು ಮೊದಲು ಎದೆ ಹೊಡೆಸಿ, ಕೈ ನಡುಗಿಸಿ, ಅದರ ಮೂಲಕ ಕೆಡವಿದ್ದು ಎಷ್ಟು? ಆ ಸುತ್ತುದಾರಿ ಸೇರಿಸದೆ ಘಾಟಿನ ಪರಿಣಾಮ ಇಷ್ಟೇ ಅಂತ ಹೇಳೋ ಹಾಗಿಲ್ಲ.”

ಪತ್ತೇದಾರನ ಮೀಸೆ ಮೆಲ್ಲಗೆ ಅರಳಿತು. “ಕಳ್ಳ ಮುಂಬಾಗಿಲಿಂದ ಬರಲಿಲ್ಲ ಅಂತ ಸಾಬೀತು ಮಾಡಿ, ಹಿತ್ತಲ ಬಾಗಿಲ ಮಾತೇ ಎತ್ತಬೇಡಿ ಅಂದ ಹಾಗೆ.”

“ಹಾಗೇ.”

“ಆ ಬೂದು ಬಾಣದ ಸಂಖ್ಯೆ ಎಷ್ಟಿರಬಹುದು?”

ಬಾಣ ಮೇಡಂ ಮುಖದ ನಗು ಇಳಿಯಿತು. “ಗೊತ್ತಿಲ್ಲ.”

“ಚಿಕ್ಕದಿದ್ದರೆ?”

“ಸುತ್ತುದಾರೀಲಿ ಒಂದು ಬಾಣದ ಸಂಖ್ಯೆಯನ್ನ ಇನ್ನೊಂದರಿಂದ ಗುಣಿಸಬೇಕು, ಮಾವ. ಒಂದು ಚಿಕ್ಕದಾದ್ರೂ ಗುಣಲಬ್ಧ ನೆಲ ಕಚ್ಚತ್ತೆ. ಆಗ ನಾವು ಸೋತ ಹಾಗೆ.”

“ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನ ತುಂಬಿದ ಸಭೇಲಿ ಕೇಳಬಾರದು, ಪುಟ್ಟಿ. ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿದವನು ಹೇಳ್ತಿದೀನಿ.”

“ಉತ್ತರ ಗೊತ್ತಿಟ್ಕೊಂಡು ಪ್ರಶ್ನೆ ಕೇಳಿದವನು ಆಗಲೇ ಒಬ್ಬ ಒಳಗಿದಾನಲ್ಲ. ಇನ್ನೊಬ್ಬರು ಬೇಡ.”

ದೊಡ್ಡಕ್ಕ ಇಬ್ಬರ ಮುಖವನ್ನೂ ನೋಡಿದಳು. “ಮೇಡಂ, ಎರಡು ಗಂಟೆಗೆ ಸೆಕೆಂಡ್ ಶಿಫ್ಟಿನವರು ಒಳಗೆ ಹೋಗ್ತಾರೆ. ಶಟರ್ ಹಾಕಿರತ್ತೆ. ನೀವು ಕೇಳಿದ್ರೂ ಸೋಲಬಹುದು, ಸರಿ. ಕೇಳದೆ ಇದ್ರೆ ಸೋತೇ ಸೋಲ್ತೀವಿ. ಕೇಳಿ.”

* * *

“ಒಂದೇ ಒಂದು ಪ್ರಶ್ನೆ, ಸಾರ್,” ಎಂದು ಬಾಣ ಮೇಡಂ ಎದ್ದು ನಿಂತಾಗ ವಿಚಾರಣಾಧಿಕಾರಿ ಆದೇಶದ ಮೊದಲ ಸಾಲಿಗೆ ಪೆನ್ನಿನ ಮುಚ್ಚಳ ತೆಗೆದಿದ್ದರು.

“ತಾವು?”

“ಸಂಖ್ಯಾಶಾಸ್ತ್ರ ಪಾಠ ಮಾಡ್ತೀನಿ. ದೊಡ್ಡಕ್ಕನ ಪರವಾಗಿ ಬಂದಿದೀನಿ.”

ಅಧಿಕಾರಿ ಗಡಿಯಾರ ನೋಡಿ, ಪೆನ್ನಿಗೆ ಮುಚ್ಚಳ ಹಾಕಿದರು. ಸಲಹೆಗಾರ ಕುರ್ಚಿಗೆ ಒರಗಿ ನಸುನಕ್ಕ.

“ಇದು ರಚನಾತ್ಮಕ ಸಮೀಕರಣ ಮಾದರಿ, ಮೇಡಂ. ಕಾಲೇಜಿನ ಸರಾಸರಿ ಲೆಕ್ಕ ಅಲ್ಲ.”

“ಗೊತ್ತು. ಅದಕ್ಕೇ ಕೇಳ್ತಿದೀನಿ. ನಿಮ್ಮ ಚಿತ್ರದಲ್ಲಿ ಘಾಟಿನಿಂದ ಭಯಕ್ಕೆ ಒಂದು ಬಾಣ ಇದೆ, ಅಲ್ವಾ?”

“ಇದೆ.”

“ಅದರ ಸಂಖ್ಯೆ ಎಷ್ಟು?”

ಸಲಹೆಗಾರನ ನಗು ಅಲ್ಲೇ ನಿಂತಿತು. ಇಳಿಯಲಿಲ್ಲ, ಆದರೆ ಬೆಳೆಯಲೂ ಇಲ್ಲ. “ಅದು ನಮ್ಮ ವಿಷಯಕ್ಕೆ ಸಂಬಂಧಪಟ್ಟಿದ್ದಲ್ಲ.”

“ಸಂಬಂಧ ಇಲ್ಲದ ಬಾಣವನ್ನ ಯಾಕೆ ಬರೆದ್ರಿ?”

“ಮಾದರಿಗೆ ಬೇಕು.”

“ಮಾದರಿಗೆ ಬೇಕು, ನಮಗೆ ಬೇಡ!” ಬಾಗಿಲ ಬಳಿ ನಿಂತಿದ್ದ ಕಾರ್ಖಾನೆಯ ಹೆಂಗಸರಲ್ಲಿ ಯಾರೋ ಅಂದರು. ಅಧಿಕಾರಿ ಮೇಜು ತಟ್ಟಿದರು. ಆದರೆ ಅವರ ಕಣ್ಣು ಈಗ ಗಡಿಯಾರದ ಮೇಲಿರಲಿಲ್ಲ. ಆ ಬೂದು ಗೆರೆಯ ಮೇಲಿತ್ತು.

“ಸಂಖ್ಯೆ ಹೇಳಿ,” ಎಂದರು.

ಸಲಹೆಗಾರ ಲ್ಯಾಪ್‌ಟಾಪಿನ ಮೇಲೆ ಬಾಗಿದ. ಬೇಕಿದ್ದಕ್ಕಿಂತ ಹೆಚ್ಚು ಹೊತ್ತು ಬಾಗಿಯೇ ಇದ್ದ. ಪತ್ತೇದಾರ ಪುಟ್ಟಿಯ ಕೈ ನೋಡಿದ. ಅದು ಬೆಂಚಿನ ಅಂಚನ್ನು ಬಿಗಿಹಿಡಿದಿತ್ತು.

“ಸೊನ್ನೆ ಪಾಯಿಂಟ್…” ಸಲಹೆಗಾರ ಕೆಮ್ಮಿದ. “ಏಳು ಎರಡು.”

ಬಾಣ ಮೇಡಂ ಉಸಿರು ಬಿಟ್ಟಳು. ಆಮೇಲೆ ಮೂಲೆಯಲ್ಲಿದ್ದ ಹಲಗೆಯ ಹತ್ತಿರ ಹೋಗಿ, ಯಾರನ್ನೂ ಕೇಳದೆ, ಸೀಮೆಸುಣ್ಣ ಎತ್ತಿಕೊಂಡಳು.

“ಸಾರ್, ಏಳು ಎರಡು, ಆರು ಐದು. ಈ ಎರಡನ್ನೂ ಗುಣಿಸಿದ್ರೆ ಸುತ್ತುದಾರಿ ಹಿಡಿದು ಬಂದ ಪರಿಣಾಮ. ಸೊನ್ನೆ ಪಾಯಿಂಟ್ ನಾಲ್ಕು ಏಳು, ಸುಮಾರಾಗಿ. ಅದಕ್ಕೆ ಇವರು ಹೇಳಿದ ನೇರದಾರಿಯ ಸೊನ್ನೆ ಎಂಟು ಸೇರಿಸಿ. ಒಟ್ಟು ಪರಿಣಾಮ ಸೊನ್ನೆ ಪಾಯಿಂಟ್ ಐದು ಐದು. ಇವರು ನಿಮಗೆ ತೋರಿಸಿದ್ದು ಏಳರಲ್ಲಿ ಒಂದು ಪಾಲು. ಮಿಕ್ಕ ಆರು ಪಾಲು ಬೂದು ಬಣ್ಣದಲ್ಲಿತ್ತು.”

ಕೋಣೆ ಗುಜುಗುಜು ಎಂದಿತು. ಮ್ಯಾನೇಜರ್ ಫೋನ್ ಜೇಬಿಗೆ ಹಾಕಿದ.

“ಸೀಮೆಸುಣ್ಣದ ಗುಣಾಕಾರ!” ಸಲಹೆಗಾರ ಎದ್ದುನಿಂತ. “ಎರಡು ಅಂದಾಜುಗಳನ್ನ ಗುಣಿಸಿದ್ರೆ ತಪ್ಪು ಕೂಡ ಬೆಳೆಯತ್ತೆ, ಸಾರ್. ಅದರ ಅಂಚು ಎಷ್ಟು ಅಂತ ಇವರಿಗೆ ಗೊತ್ತಾ?”

“ಇಲ್ಲ,” ಬಾಣ ಮೇಡಂ ಒಪ್ಪಿಕೊಂಡಳು. “ಒಳ್ಳೇ ಪ್ರಶ್ನೆ. ಉತ್ತರ ನಿಮ್ಮ ಯಂತ್ರದಲ್ಲೇ ಇದೆ. ‘ಒಟ್ಟು ಪರಿಣಾಮ’ ಅಂತ ಒಂದು ಪುಟ್ಟ ಚೌಕ ಇರತ್ತೆ, ಅದಕ್ಕೆ ಟಿಕ್ ಹಾಕಿದ್ರೆ ಸಾಕು. ಇದೇ ಇನ್ನೂರು ಹೆಂಗಸರ ಉತ್ತರಗಳನ್ನ ಚೀಟಿ ಎತ್ತಿದ ಹಾಗೆ ಕಲಸಿ ಕಲಸಿ ಸಾವಿರಾರು ಸಲ ಲೆಕ್ಕ ಹಾಕಿ, ಕಡಿಮೆ ಅಂದ್ರೆ ಎಷ್ಟು, ಹೆಚ್ಚು ಅಂದ್ರೆ ಎಷ್ಟು ಅಂತ ಅದೇ ಹೇಳತ್ತೆ. ನೀವು ಯಾಕೆ ಟಿಕ್ ಹಾಕಲಿಲ್ಲ?”

ಸಲಹೆಗಾರ ಮ್ಯಾನೇಜರ್ ಕಡೆ ನೋಡಿದ. ಮ್ಯಾನೇಜರ್ ಕಿಟಕಿ ಕಡೆ ನೋಡಿದ.

“ಹಾಕಿ,” ಎಂದರು ಅಧಿಕಾರಿ.

“ಸಾರ್, ಅದಕ್ಕೆ ಸಮಯ…”

“ನನ್ನ ಊಟ ಆಗಿದೆ. ಕಾಯ್ತೀನಿ.”

ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಒಂದು ಪುಟ್ಟ ಚೌಕ ತೆರೆದುಕೊಂಡಿತು. ಅದರೊಳಗೆ ಟಿಕ್ ಬಿತ್ತು. ಕೆಳಗೆ ನೀಲಿ ಪಟ್ಟಿಯೊಂದು ಎಡದಿಂದ ಬಲಕ್ಕೆ ಇಷ್ಟಿಷ್ಟೇ ತೆವಳತೊಡಗಿತು.

ಬಾಗಿಲಲ್ಲಿ ನಿಂತ ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ಗದ್ದ ಇಟ್ಟು ಆ ಪಟ್ಟಿಯನ್ನೇ ನೋಡುತ್ತಿದ್ದರು. ಅವರಲ್ಲಿ ಯಾರಿಗೂ ಅದೇನೆಂದು ಗೊತ್ತಿರಲಿಲ್ಲ. ತುಂಬಿದರೆ ತಮ್ಮ ಹಣೆಬರಹ ಅಲ್ಲಿ ಮೂಡುತ್ತದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಅರ್ಧಕ್ಕೆ ಬಂದು ಪಟ್ಟಿ ನಿಂತಿತು. ಪತ್ತೇದಾರ ಮನಸ್ಸಿನಲ್ಲೇ ಅದನ್ನು ದೂಡಿದ. ಮತ್ತೆ ತೆವಳಿತು.

ತುಂಬಿತು.

ಅಧಿಕಾರಿ ಕನ್ನಡಕ ಹಾಕಿಕೊಂಡು ತಾವೇ ಗಟ್ಟಿಯಾಗಿ ಓದಿದರು. “ಘಾಟಿನ ಒಟ್ಟು ಪರಿಣಾಮ, ಸೊನ್ನೆ ಪಾಯಿಂಟ್ ಐದು ಐದು. ಕೆಳಗಿನ ಮಿತಿ ನಾಲ್ಕು ನಾಲ್ಕು. ಮೇಲಿನ ಮಿತಿ ಆರು ಐದು.”

“ಕಡಿಮೆ ಅಂದ್ರೂ ಇವರು ಹೇಳಿದ್ದರ ಐದು ಪಟ್ಟಿಗಿಂತ ಹೆಚ್ಚು, ಸಾರ್,” ಎಂದಳು ಬಾಣ ಮೇಡಂ.

ಸಲಹೆಗಾರ ಸೋಲೊಪ್ಪುವ ಆಸಾಮಿಯಲ್ಲ. “ಬಾಣದ ದಿಕ್ಕು ಲೆಕ್ಕ ಹೇಳೋದಿಲ್ಲ, ನಾವು ಊಹಿಸ್ತೀವಿ. ತಿರುವಿ ಹಾಕಿ ನೋಡಿ, ಸಾರ್. ಹೆದರಿದವರಿಗೆ ಘಾಟು ಜಾಸ್ತಿ ಅನ್ನಿಸತ್ತೆ. ಅದು ಸಹಜ.”

“ಘಾಟನ್ನ ಅಳೆದಿದ್ದು ಯಾರು?” ಬಾಣ ಮೇಡಂ ಕೇಳಿದಳು. “ಹೆಂಗಸರನ್ನ ಕೇಳಿದ್ರಾ?”

“ಇಲ್ಲ. ಒಂದೊಂದು ಸಾಲಿನ ಕಂಬಕ್ಕೂ ಮೀಟರ್ ಹಾಕಿದ್ವಿ.”

“ಕಂಬಕ್ಕೆ ಹೆದರಿಕೆ ಆಗತ್ತಾ?”

ನಗೆ ಬಾಗಿಲಿಂದ ಶುರುವಾಗಿ ಮುಂದಿನ ಸಾಲಿನವರೆಗೂ ಹಬ್ಬಿತು. ಅಧಿಕಾರಿ ಮೇಜು ತಟ್ಟಲು ಕೈ ಎತ್ತಿ, ಆ ಕೈಯಿಂದಲೇ ಬಾಯಿ ಮುಚ್ಚಿಕೊಂಡರು.

“ಇನ್ನು ಆ ‘ಭಯ’ದ ವಿಷಯ. ದೊಡ್ಡಕ್ಕ, ನಿಮ್ಮನ್ನ ಏನೇನು ಕೇಳಿದ್ರು ಅಂತ ಸಾಹೇಬರಿಗೆ ಹೇಳಿ.”

ದೊಡ್ಡಕ್ಕ ಎದ್ದಳು. ಮೆಟ್ಟಿಲ ಬಳಿ ಹೇಳಿದ್ದನ್ನೇ ಒಂದಕ್ಷರ ಬಿಡದೆ ಹೇಳಿದಳು. ಪ್ರತಿ ಪ್ರಶ್ನೆಗೂ ಬಾಗಿಲ ಹೆಂಗಸರು ಹೌದು ಹೌದು ಎಂದು ತಲೆಯಾಡಿಸಿದರು. ಅಧಿಕಾರಿ ಸಲಹೆಗಾರನ ಕಡೆ ತಿರುಗಿದರು.

“ಇವೇ ನಿಮ್ಮ ಪ್ರಶ್ನೆಗಳಾ?”

“ಇವು ಭಯದ ಲಕ್ಷಣಗಳು, ಸಾರ್…”

“ನನಗೆ ಮೂರು ವರ್ಷದ ಹಿಂದೆ ಮನೆಗೆ ಬಣ್ಣ ಹೊಡೆಸಿದಾಗ ಇಷ್ಟೂ ಆಗಿತ್ತು. ನಾನು ಬಣ್ಣದವನಿಗೆ ಹೆದರಿದ್ದೆ ಅಂತೀರಾ?”

ಸಲಹೆಗಾರ ಕೂತ.

ಅಧಿಕಾರಿ ಹಲಗೆಯ ಮೇಲಿನ ಐದು ಐದನ್ನು ಕೊಂಚ ಹೊತ್ತು ನೋಡಿದರು. “ಒಂದು ಮಾತು ಹೇಳಿ, ಮೇಡಂ. ಇವರು ಸೊನ್ನೆ ಎಂಟು ಚಿಕ್ಕದು ಅಂದ್ರು, ನೀವು ಐದು ಐದು ದೊಡ್ಡದು ಅಂತೀರಿ. ನಾನು ಆದೇಶದಲ್ಲಿ ದೊಡ್ಡದು ಅಂತ ಬರೆದ್ರೆ ನಾಳೆ ಮೇಲಿನವರು ಕೇಳ್ತಾರೆ. ಎಷ್ಟು ದೊಡ್ಡದು? ಮನುಷ್ಯರ ಲೆಕ್ಕದಲ್ಲಿ ಹೇಳಿ.”

ಬಾಣ ಮೇಡಂ ಇಷ್ಟು ಹೊತ್ತು ಕಾದಿದ್ದ ಪ್ರಶ್ನೆ ಅದು. ಹತ್ತು ವರ್ಷದಿಂದ ತರಗತಿಯಲ್ಲಿ ಹೇಳುತ್ತ ಬಂದಿದ್ದಳು. ಪರಿಣಾಮ ಇದೆ ಅನ್ನುವುದು ಒಂದು ಮಾತು, ಎಷ್ಟಿದೆ ಅನ್ನುವುದು ಇನ್ನೊಂದು, ಅಷ್ಟಾದರೆ ಯಾರಿಗೆ ಏನಾಗುತ್ತದೆ ಅನ್ನುವುದು ಮೂರನೆಯದು. ಮೂರನೆಯದನ್ನು ಕೇಳುವವರೇ ಇಲ್ಲ ಎಂದು. ಕೇಳುವವರು ಇವತ್ತು ಸಿಕ್ಕಿದ್ದರು.

ಅವಳು ಮ್ಯಾನೇಜರ್ ಕಡೆ ತಿರುಗಿದಳು. “ಸಾರ್, ಶಟರ್ ಎತ್ತಿದ್ದಾಗ ಮೀಟರ್ ಎಷ್ಟಿರತ್ತೆ, ಹಾಕಿದಾಗ ಎಷ್ಟು ಏರತ್ತೆ?”

ಮ್ಯಾನೇಜರ್ ತುಟಿ ಒದ್ದೆ ಮಾಡಿಕೊಂಡ. “ಸುಮಾರು… ನಲವತ್ತು ಏರಬಹುದು.”

“ಗೋಡೆ ಮೇಲೆ ಫಲಿತಾಂಶದ ಕೆಳಗೆ ಬಂದಿರೋ ಇವರದೇ ಅಂಕಿ-ಅಂಶ ನೋಡಿ, ಸಾರ್. ಸಾಲಿಂದ ಸಾಲಿಗೆ ಘಾಟಿನ ಸಾಮಾನ್ಯ ಏರಿಳಿತ ಅಂದ್ರೆ ನಲವತ್ತು. ಅಂದ್ರೆ ಶಟರ್ ಎಳೆದಾಗ ಏರೋವಷ್ಟೇ. ಇವರು ಮೂರ್ಛೆ ಅಂತ ಅಳೆದಿದ್ದು ಒಬ್ಬೊಬ್ಬರನ್ನ ತಿಂಗಳಿಗೆ ಎಷ್ಟು ಸಲ ಸಿಕ್ ರೂಮಿಗೆ ಸಾಗಿಸಿದ್ರು ಅಂತ. ಅದರ ಏರಿಳಿತ ಎರಡು ಸಲ. ಎರಡರಲ್ಲಿ ಸೊನ್ನೆ ಪಾಯಿಂಟ್ ಐದು ಐದು ಅಂದ್ರೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಶಟರ್ ಎಳೆದೇ ಇಟ್ರೆ, ಪ್ರತಿಯೊಬ್ಬ ಹೆಂಗಸೂ ತಿಂಗಳಿಗೆ ಒಂದು ಸಲ ಹೆಚ್ಚು ಬೀಳ್ತಾಳೆ. ಹಾಲ್‌ನಲ್ಲಿ ಇನ್ನೂರು ಜನ. ತಿಂಗಳಿಗೆ ಇನ್ನೂರಕ್ಕೂ ಹೆಚ್ಚು ಸಲ ಯಾರೋ ಒಬ್ಬರು ನೆಲಕ್ಕೆ ಬೀಳ್ತಾರೆ. ಅಷ್ಟು ದೊಡ್ಡದು.”

“ಇನ್ನು ಇವರು ಲೆಕ್ಕಕ್ಕೇ ಇಲ್ಲ ಅಂದ ಸೊನ್ನೆ ಎಂಟು,” ಅವಳು ಮುಂದುವರಿಸಿದಳು. “ಅದೊಂದನ್ನೇ ಹಿಡಿದು ಲೆಕ್ಕ ಹಾಕಿದ್ರೂ ತಿಂಗಳಿಗೆ ಮೂವತ್ತು ಸಲ. ದೊಡ್ಡಕ್ಕನ ನಾದಿನಿ ತೋಳು ಮುರಿಯೋಕೆ ಒಂದು ಸಲ ಸಾಕಾಯ್ತು. ಚಿಕ್ಕದು ದೊಡ್ಡದು ಅಂತ ಪುಸ್ತಕದಲ್ಲಿ ಗೆರೆ ಎಳೆಯಬಹುದು, ಸಾರ್. ಬಿದ್ದವರನ್ನ ಕೇಳದೆ ಎಳೆಯಬಾರದು.”

ವಿಚಾರಣಾಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಮೊದಲು ಬರೆದಿದ್ದ ಒಂದು ಸಾಲನ್ನು ಅಡ್ಡ ಗೀಟು ಎಳೆದು ಹೊಡೆದುಹಾಕಿದರು. ಆಮೇಲೆ ಬರೆಯುತ್ತ ಬರೆಯುತ್ತಲೇ ಓದಿದರು.

“ದೊಡ್ಡಕ್ಕನ ಮೇಲಿನ ಆರೋಪ ವಜಾ. ಪೊಲೀಸ್ ದೂರು ವಾಪಸ್ ತೆಗೆದುಕೊಳ್ಳತಕ್ಕದ್ದು. ನಾಳೆಯಿಂದಲೇ ಕೆಲಸಕ್ಕೆ ಹಾಜರು. ಅಂಟಿನ ಹಾಲ್‌ನ ಎಲ್ಲ ಶಟರ್‌ಗಳನ್ನೂ ಈ ಕೂಡಲೇ ಎತ್ತತಕ್ಕದ್ದು. ಎತ್ತಿದ್ದನ್ನು ನಾನೇ ಬಂದು ನೋಡುವವರೆಗೂ ಒಂದು ಸೋಲನ್ನೂ ಅಂಟಿಸಕೂಡದು.”

ಬಾಗಿಲಲ್ಲಿ ಎದ್ದ ಕೂಗಿಗೆ ಗೋಡೆಯ ಮೇಲಿನ ಚಿತ್ರ ಅಲ್ಲಾಡಿದಂತೆ ಕಂಡಿತು. ಯಾರೋ ಅಳುತ್ತಿದ್ದರು, ಯಾರೋ ಸಿಳ್ಳೆ ಹಾಕಿದರು. ದೊಡ್ಡಕ್ಕ ಮಾತ್ರ ನಿಂತಲ್ಲೇ ನಿಂತಿದ್ದಳು. ಬಾಣ ಮೇಡಂ ಹತ್ತಿರ ಬಂದಾಗ ಅವಳ ಸುಣ್ಣ ಮೆತ್ತಿದ ಕೈಯನ್ನು ತನ್ನ ನುಣುಪು ಬೆರಳುಗಳಲ್ಲಿ ಹಿಡಿದುಕೊಂಡಳು.

“ಮೇಡಂ, ನೀವು ಗುಣಿಸಿದ್ದು ನನಗೆ ಅರ್ಥ ಆಗಲಿಲ್ಲ,” ಎಂದಳು. “ಆದ್ರೆ ಅವನು ಕೂತನಲ್ಲ, ಅದು ಅರ್ಥ ಆಯ್ತು.”

* * *

ಹಾಲ್‌ನ ಶಟರ್‌ಗಳು ಎಷ್ಟೋ ವಾರದಿಂದ ಎದ್ದಿರಲಿಲ್ಲ. ಕಾವಲುಗಾರ ಒಬ್ಬನೇ ಎತ್ತಲು ಹೋಗಿ ಸೋತ. ಆಗ ಸೆಕೆಂಡ್ ಶಿಫ್ಟಿನ ಹೆಂಗಸರೇ ಕೈ ಹಾಕಿದರು. ಒಂದು, ಎರಡು, ಮೂರು ಎನ್ನುತ್ತ ನೂಕಿದಾಗ ಮೊದಲನೆಯ ಶಟರ್ ಕಿರ್ರೆಂದು ಕಿರುಚಿ, ಗಡಗಡನೆ ಮೇಲಕ್ಕೆ ಹೋಯಿತು. ಒಳಗೆ ಮಡುಗಟ್ಟಿದ್ದ ಘಾಟು ಒಮ್ಮೆಲೇ ಹೊರಗೆ ನುಗ್ಗಿದಾಗ, ಬಾಗಿಲಲ್ಲಿದ್ದ ವಿಚಾರಣಾಧಿಕಾರಿ ಕರವಸ್ತ್ರಕ್ಕೆ ಕೈ ಹಾಕಿದರು. ಎರಡನೆಯ ಶಟರ್, ಮೂರನೆಯದು. ಬೆಳಕು ಕೆಲಸದ ಮೇಜುಗಳ ಮೇಲೆ ಉದ್ದಕ್ಕೂ ಬಿತ್ತು. ಅರ್ಧ ಅಂಟಿಸಿದ ಬೂಟುಗಳು ಸಾಲಾಗಿ ಬಾಯಿ ತೆರೆದು ಕೂತಿದ್ದವು.

ಕಂಬದ ಮೇಲಿನ ಮೀಟರಿನಲ್ಲಿ ಸಂಖ್ಯೆ ಇಳಿಯತೊಡಗಿತು. ಹೆಂಗಸರು ಅದನ್ನು ಸುತ್ತುವರಿದು, ಇಳಿದಷ್ಟೂ ಸಲ ಚಪ್ಪಾಳೆ ತಟ್ಟಿದರು.

“ಪುಟ್ಟಿ,” ಮಾವ ಅಂದ, “ನಿನ್ನಮ್ಮ ನಿನ್ನನ್ನ ಲೆಕ್ಕ ಓದೋಕೆ ಸೇರಿಸಿದಾಗ ನಾನು ಬೇಡ ಅಂದಿದ್ದೆ. ಹುಡುಗಿಗೆ ಯಾಕೆ ಈ ತಲೆನೋವು ಅಂದಿದ್ದೆ.”

“ಈಗ?”

“ಈಗ ನಿನಗೆ ಫೀಸು ಕೊಡಬೇಕಾಗತ್ತಲ್ಲ ಅಂತ ನನಗೆ ತಲೆನೋವು.”

ಅವಳು ನಕ್ಕಳು. ತಾನು ಬರೆದ ಒಂದು ಗುಣಾಕಾರ ಎತ್ತಿದ ಶಟರ್‌ಗಳನ್ನು ಎಣಿಸುತ್ತ, ಬಹಳ ವರ್ಷಗಳ ಮೇಲೆ ಮೈಯೆಲ್ಲ ಹಗುರಾದಂತೆ ಅನ್ನಿಸಿ, ಗೇಟಿನ ಕಡೆ ನಡೆದಳು.

ಗೇಟಿನ ಪಕ್ಕ ಸಲಹೆಗಾರ ನಿಂತಿದ್ದ. ಲ್ಯಾಪ್‌ಟಾಪ್ ಚೀಲವನ್ನು ಮಗುವಿನ ಹಾಗೆ ಎದೆಗೆ ಅವಚಿಕೊಂಡಿದ್ದ. ಬೆಳಗಿನ ಗತ್ತು ಇರಲಿಲ್ಲ. ಪತ್ತೇದಾರ ಅವಳ ಮುಂದೆ ಬಂದು ಅಡ್ಡ ನಿಂತ.

“ಜಗಳಕ್ಕೆ ಬಂದಿಲ್ಲ, ಸಾರ್,” ಸಲಹೆಗಾರ ಕೈ ಎತ್ತಿದ. “ಮೇಡಂ, ನೀವು ಗೆದ್ರಿ. ಟಿಕ್ ಹಾಕಬೇಡ ಅಂತ ಮ್ಯಾನೇಜರ್ ಹೇಳಿದ್ರು, ನಾನು ಹಾಕಲಿಲ್ಲ. ತಪ್ಪು ನನ್ನದೇ. ಆದ್ರೆ ಆ ಚಿತ್ರ ನನ್ನದಲ್ಲ.”

“ಅಂದ್ರೆ?”

“ಘಾಟು, ಭಯ, ಮೂರ್ಛೆ. ಆ ಮೂರು ಹೆಸರು, ಪ್ರಶ್ನೆಗಳು, ಕಂಬಕ್ಕೆ ಮೀಟರ್ ಹಾಕೋದು, ಎಲ್ಲ ನನಗೆ ಮೊದಲೇ ಹೇಳಿದ್ರು. ಫೋನಲ್ಲಿ. ಆಮೇಲೆ ಮ್ಯಾನೇಜರ್ ಕರೆದಾಗ ನಾನು ಅದನ್ನೇ ನನ್ನದು ಅಂತ ಕೊಟ್ಟೆ.”

“ಮೊದಲೇ ಅಂದ್ರೆ ಯಾವಾಗ?” ಪತ್ತೇದಾರನ ದನಿ ಬದಲಾಗಿತ್ತು.

ಸಲಹೆಗಾರ ದನಿ ತಗ್ಗಿಸಿದ. “ಅದಕ್ಕೇ ಸಾರ್ ನಿಂತಿದ್ದು. ‘ನಮ್ಮ ಹಾಲ್‌ನಲ್ಲಿ ಹೆಂಗಸರು ಬೀಳ್ತಾರೆ, ಲೆಕ್ಕ ಹಾಕೋಕೆ ತಯಾರಿರಿ’ ಅಂದ್ರು. ಬೀಳ್ತಿದಾರೆ ಅನ್ನಲಿಲ್ಲ. ಬೀಳ್ತಾರೆ ಅಂದ್ರು. ಆ ಫೋನ್ ಬಂದಾಗ ಇನ್ನೂ ಒಬ್ಬರೂ ಬಿದ್ದಿರಲಿಲ್ಲ. ಮೊದಲನೆಯವಳು ಬಿದ್ದಿದ್ದು ಅದಾದ ಒಂದು ವಾರಕ್ಕೆ.”

ಬಾಣ ಮೇಡಂ ಕೈಯ ಸುಣ್ಣವನ್ನು ಒರೆಸಿಕೊಳ್ಳುತ್ತಿದ್ದವಳು ನಿಲ್ಲಿಸಿದಳು.

“ಯಾರು ಮಾಡಿದ್ರು ಫೋನ್?”

“ಹೆಂಗಸು. ಹೆಸರು ಕೇಳ್ದೆ. ಹೆಸರು ಬೇಡ ಅಂದ್ಲು.” ಸಲಹೆಗಾರ ಅವರಿಬ್ಬರ ಹೆಗಲಾಚೆ ಹಾಲ್ ಕಡೆ ನೋಡಿದ. ಅಲ್ಲಿ ಹೆಂಗಸರು ಕೇಕೆ ಹಾಕುತ್ತ ಯಾರನ್ನೋ ಹೆಗಲ ಮೇಲೆ ಎತ್ತಿಕೊಂಡು ಬಿಸಿಲಿಗೆ ತರುತ್ತಿದ್ದರು. “‘ಹಾಲ್‌ನಲ್ಲಿ ಎಲ್ಲರೂ ನನ್ನನ್ನ ದೊಡ್ಡಕ್ಕ ಅಂತಾರೆ’ ಅಂದ್ಲು.”